ಹೊಗೆ ಹಿಡಿದ ಅಟ್ಟದ ಗೋಣಿಚೀಲ

ನನ್ನ ಅಂಗಡಿಯ ಗೋಡೆಗೆ ಒಂದು ಇಂದ್ರಜಾಲ ಕಾಮಿಕ್ಸ್ ತೂಗುಹಾಕಿದ್ದೇನೆ. ಕನ್ನಡದ್ದು. ಫ್ಯಾಂಟಮ್ ಕತೆ. ಗಾಜು ಹಾಕಿಸಿ ಫ್ರೇಮ್ ಮಾಡಿಸಿದ್ದೇನೆ. ಮುಖಪುಟದ ಮಧ್ಯದಲ್ಲಿ ತಕ್ಕಡಿ ತಟ್ಟೆಯ ದುಂಡನೆ ಗುರುತು ಬಿದ್ದಿದೆ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನದು ಬೈಂಡಿಂಗ್ ಅಂಗಡಿ. ಕಾಲೇಜು ಹುಡುಗರು ಪ್ರಾಜೆಕ್ಟ್ ರಿಪೋರ್ಟ್ ತಂದು ಕೊಟ್ಟು, ಕಾಯುತ್ತಾ ನಿಂತಾಗ ಅದನ್ನು ನೋಡುತ್ತಾರೆ. ಯಾಕೆ ಹಾಕಿದ್ದೀರಿ ಅಂತ ಕೇಳುವವರು ಕಡಿಮೆ.

ಹನ್ನೆರಡು ವರ್ಷದ ಹಿಂದೆ ಒಂದು ಸಂಜೆ ಗುಜರಿ ಅಂಗಡಿಯವನೊಬ್ಬ ಫೋನ್ ಮಾಡಿದ್ದ. "ಅಣ್ಣಾ, ಎರಡು ಚೀಲ ಬೊಂಬೆ ಪುಸ್ತಕ ಬಂದಿದೆ. ನೀವು ಕೇಳ್ತಿದ್ರಲ್ಲ, ಆ ಥರದ್ದು. ಆರುನೂರು ಕೊಡಿ, ಎರಡೂ ತಗೊಂಡು ಹೋಗಿ." ಕೈಯಲ್ಲಿ ಕೆಲಸವಿತ್ತು. ಜೊತೆಗೆ, ಇವತ್ತೇ ಓಡಿದರೆ ನನ್ನ ಆಸೆ ಗೊತ್ತಾಗುತ್ತದೆ, ನಾಳೆ ಹೋದರೆ ನಾನೂರಕ್ಕೆ ಇಳಿಯುತ್ತಾನೆ ಎಂಬ ಲೆಕ್ಕ ಬೇರೆ. ಬೆಳಿಗ್ಗೆ ಎಂಟೂವರೆಗೆ ಹೋದೆ. ಲಾರಿ ಏಳಕ್ಕೇ ಲೋಡ್ ಆಗಿ ಹೋಗಿತ್ತು. ತಕ್ಕಡಿ ಕೆಳಗೆ, ನೆಲ ಸಮ ಮಾಡಲಿಕ್ಕೆ ಒಂದು ಪುಸ್ತಕ ಇಟ್ಟಿದ್ದರು. ಅದನ್ನು ಎಳೆದು ಕೊಟ್ಟ. ದುಡ್ಡು ತಗೊಳ್ಳಲಿಲ್ಲ. "ಬರ್ತೀನಿ ಅಂದ್ರೆ ಇಟ್ಕೊಂಡಿರ್ತಿದ್ದೆ ಅಣ್ಣಾ, ನೀವು ನೋಡೋಣ ಅಂದ್ರಿ" ಅಂದ. ನಾನು ಅಂದದ್ದು ಅದನ್ನೇ.

ಆ ಎರಡು ಚೀಲದಲ್ಲಿ ಏನೇನಿತ್ತೋ ಎಂದು ಅವತ್ತಿನಿಂದ ಯೋಚಿಸದ ದಿನವಿಲ್ಲ. ಇಂದ್ರಜಾಲ ಕಾಮಿಕ್ಸ್ ಶುರುವಾಗಿದ್ದು 1964ರ ಮಾರ್ಚಿನಲ್ಲಿ, ನಿಂತಿದ್ದು 1990ರಲ್ಲಿ. ಇಂಗ್ಲಿಷ್, ಹಿಂದಿಯವನ್ನು ಹುಡುಕುವವರು, ಕೂಡಿಡುವವರು ದೇಶದ ತುಂಬ ಇದ್ದಾರೆ. ಕನ್ನಡದ್ದನ್ನು ಓದಿದ ಮನೆಗಳು ಕಮ್ಮಿ, ಎತ್ತಿಟ್ಟ ಮನೆಗಳು ಇನ್ನೂ ಕಮ್ಮಿ. ಮಲೆನಾಡಿನಲ್ಲಂತೂ ಎತ್ತಿಟ್ಟರೂ ಸಾಲದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1977ರಲ್ಲಿ ಅಮೆರಿಕದ ಡೆನ್ವರ್ ಊರಿನಲ್ಲಿ ಎಡ್ಗರ್ ಚರ್ಚ್ ಎಂಬ ಚಿತ್ರಗಾರರ ಮನೆಯಿಂದ ಹದಿನೆಂಟು ಸಾವಿರಕ್ಕೂ ಹೆಚ್ಚು ಹಳೇ ಕಾಮಿಕ್ಸ್ ಹೊರಬಂದವು. ಚಕ್ ರೋಜಾನ್‌ಸ್ಕಿ ಎಂಬ ಯುವ ವ್ಯಾಪಾರಿ ಕೊಂಡರು. ಕಾಮಿಕ್ಸ್ ಲೋಕದಲ್ಲಿ ಅಂಥ ಅದೃಷ್ಟ ಮತ್ತೊಂದಿಲ್ಲ. ಎಷ್ಟೋ ದಶಕ ಒತ್ತೊತ್ತಾಗಿ ಪೇರಿಸಿಟ್ಟ ಪುಸ್ತಕಗಳು, ಹಾಳೆ ಇನ್ನೂ ಬೆಳ್ಳಗೇ ಇತ್ತಂತೆ. ಅಲ್ಲಿನ ಹವೆ ತಂಪು, ಆದರೆ ಒಣ. ನಮ್ಮಲ್ಲಿ? ತೀರ್ಥಹಳ್ಳಿ ದಾಟಿದರೆ ಆಗುಂಬೆ. ವರ್ಷಕ್ಕೆ ಸುಮಾರು 7,600 ಮಿಲಿಮೀಟರ್ ಮಳೆ. ಕಪಾಟಿನಲ್ಲಿಟ್ಟ ಚಪ್ಪಲಿಗೆ ಬೂಸ್ಟು ಬರುವ ಊರಿನಲ್ಲಿ ನ್ಯೂಸ್‌ಪ್ರಿಂಟ್ ಕಾಗದ ಎಷ್ಟು ದಿನ ಬದುಕೀತು? ಮೊದಲು ಪಿನ್ನು ತುಕ್ಕು ಹಿಡಿಯುತ್ತದೆ. ತುಕ್ಕು ಕಾಗದವನ್ನು ತಿನ್ನುತ್ತದೆ. ನಡುವಿನ ಹಾಳೆ ಕಳಚುತ್ತದೆ. ಆಮೇಲೆ ಗೆದ್ದಲು. ಇದೆಲ್ಲ ತಪ್ಪಿಸಿಕೊಂಡು ಉಳಿದದ್ದು ಬಚ್ಚಲ ಒಲೆಗೆ ಹೋಗುತ್ತದೆ, ಬೆಂಕಿ ಹೊತ್ತಿಸಲಿಕ್ಕೆ.

ಹೋದ ಮೇ ಕೊನೆಯ ವಾರ. ಒಬ್ಬ ಎಂಜಿನಿಯರಿಂಗ್ ಹುಡುಗ ಮೂರು ರಿಪೋರ್ಟ್ ತಂದಿದ್ದ. ಕಪ್ಪು ಕ್ಯಾಲಿಕೋ, ಬಂಗಾರದ ಅಕ್ಷರ. ಕಾಯುತ್ತಾ ಕೂತವನು ಗೋಡೆ ನೋಡಿ, "ಅಣ್ಣಾ, ಇಂಥವು ನಮ್ಮ ಅಟ್ಟದಲ್ಲೂ ಇವೆ. ಅಜ್ಜ ತರ್ತಿದ್ರಂತೆ" ಅಂದ.

"ಎಲ್ಲಿ ಮನೆ?"

"ತೀರ್ಥಹಳ್ಳಿ ಹತ್ರ. ಈಗ ಹೆಂಚು ಕೈಯಾಡಿಸ್ತಿದಾರೆ. ಅಟ್ಟ ಎಲ್ಲಾ ಖಾಲಿ ಮಾಡಿ ಅಂಗಳಕ್ಕೆ ಹಾಕಿದಾರೆ."

ಅಂಗಳಕ್ಕೆ ಹಾಕಿದ್ದಾರೆ ಎಂದ ಕೂಡಲೇ ನನ್ನ ಕಣ್ಣಿಗೆ ಕಂಡಿದ್ದು ಆ ಲಾರಿ. ಆಕಾಶದಲ್ಲಿ ಮೋಡ ಬೇರೆ. ಅವನ ರಿಪೋರ್ಟ್ ಪಕ್ಕದಂಗಡಿಯವರ ಕೈಗೆ ಕೊಟ್ಟು, ಷಟರ್ ಎಳೆದೆ. ಹುಡುಗನ ಅಪ್ಪನಿಗೆ ಫೋನ್ ಮಾಡಿಸಿ "ಬರ್ತಿದ್ದೇನೆ, ಏನೂ ಎಸೀಬೇಡಿ" ಎಂದು ಹೇಳಿಸಿದೆ. ಹನ್ನೊಂದೂಕಾಲರ ಬಸ್ಸು ಸಿಕ್ಕಿತು. ಗಾಜನೂರು, ಸಕ್ರೆಬೈಲು, ಮಂಡಗದ್ದೆ. ಎಡಕ್ಕೂ ಬಲಕ್ಕೂ ನೋಡುವಂಥ ದಾರಿ ಅದು. ನಾನು ನೋಡಿದ್ದು ಡ್ರೈವರ್ ಮುಂದಿನ ಗಾಜಿಗೆ ಹನಿ ಬಿತ್ತಾ ಇಲ್ವಾ ಅಂತ ಮಾತ್ರ.

ಮಂಡಗದ್ದೆ ದಾಟುವಾಗ ದಪ್ಪ ಹನಿ ಶುರುವಾಯಿತು.

ಮನೆ ಮುಟ್ಟಿದಾಗ ಅಂಗಳದ ತುಂಬ ಹೆಂಚಿನ ರಾಶಿ. ಸಾಮಾನುಗಳ ಮೇಲೆ ಅಡಿಕೆ ಒಣಗಿಸುವ ಟಾರ್ಪಾಲು ಎಳೆದಿದ್ದರು. ಜಗಲಿಯಲ್ಲಿ ಆ ಹುಡುಗನ ಅಜ್ಜಿ ಕೂತಿದ್ದರು. ಎಂಬತ್ತರ ಹತ್ತಿರ ಇರಬಹುದು. "ನೀನೇನಾ ಬೊಂಬೆ ಪುಸ್ತಕಕ್ಕೆ ಶಿವಮೊಗ್ಗದಿಂದ ಬಂದವ? ಮೊದ್ಲು ಕಾಫಿ ಕುಡಿ ಮಾರಾಯ, ಅದೆಲ್ಲಿಗೂ ಓಡಲ್ಲ" ಅಂದರು. ನನಗೆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಮೊದಲು ಸಿಕ್ಕಿದ್ದು ಒಂದು ಹಲಸಿನ ಮರದ ಪೆಟ್ಟಿಗೆ. ಜಗಲಿ ಮೇಲಿನ ಅಟ್ಟದ್ದು. ಬೀಗ, ಹಿತ್ತಾಳೆ ಚಿಲಕ ಎಲ್ಲ ಇತ್ತು. ಜೋಪಾನವಾಗಿರಲಿ ಎಂದೇ ಇಟ್ಟದ್ದು. ಮುಚ್ಚಳ ಎತ್ತಿದರೆ ಚಂದಮಾಮದ ಸಾಲು. ಬೆನ್ನು ನೆಟ್ಟಗಿತ್ತು. ಬೆರಳು ಮುಟ್ಟಿದ್ದೇ ತಡ, ಬೆನ್ನು ಒಳಗೆ ಕುಸಿಯಿತು. ಒಳಗೆಲ್ಲ ಗೆದ್ದಲ ಮಣ್ಣು. ಒಂದು ಹಾಳೆಯ ಚೂರಿನಲ್ಲಿ ಒಂದು ರಾಜನ ಕಿರೀಟ, ಅರ್ಧ ಮೀಸೆ ಉಳಿದಿತ್ತು. ಮನೆಯವರು ಸುಮ್ಮನೆ ನಿಂತು ನೋಡಿದರು. ಅಜ್ಜಿ ಆ ಚೂರನ್ನು ಕೈಯಲ್ಲಿ ಹಿಡಿದು, "ಇದಕ್ಕೆ ಅವರು ಬೀಗ ಹಾಕ್ತಿದ್ರು" ಅಂದರು.

"ಇನ್ನೊಂದು ಚೀಲ ಇದೆ, ಅಡಿಗೆಮನೆ ಅಟ್ಟದ್ದು. ಅದು ಕೂಲಿಯೋರು ಓದಿ ಹರಿದಿದ್ದು, ಒಳ್ಳೇದಲ್ಲ" ಎಂದರು ಮಗ.

ಗೋಣಿಚೀಲ. ಒಲೆಯ ನೇರ ಮೇಲಿನ ಅಟ್ಟದಲ್ಲಿ ನಲವತ್ತು ವರ್ಷ ಬಿದ್ದಿತ್ತಂತೆ. ಹೊರಗೆಲ್ಲ ಇಲ್ಲಣ ಹಿಡಿದು ಕಪ್ಪಾಗಿತ್ತು. ಬಾಯಿಗೆ ಕಟ್ಟಿದ ಬಾಳೆನಾರು ಮುಟ್ಟಿದರೆ ಪುಡಿಯಾಗುತ್ತಿತ್ತು. ಮೂಸಿ ನೋಡಿದೆ. ಹೊಗೆ ವಾಸನೆ, ಒಣ ವಾಸನೆ. ಬೂಸ್ಟಿನ ವಾಸನೆ ಇಲ್ಲ! ಎದೆ ಹೊಡೆದುಕೊಳ್ಳಲು ಶುರುವಾಯಿತು. ದಿನಾ ಎರಡು ಹೊತ್ತು ಬೆಂಕಿ ಉರಿದ ಒಲೆ ಅದು. ಕೆಳಗಿನಿಂದ ಕಾವು, ಹೊಗೆ. ಉಪ್ಪಿನಕಾಯಿ ಜಾಡಿ, ಬೀಜದ ಸೌತೆಕಾಯಿ ಇಡುವ ಜಾಗದಲ್ಲಿ ಗೆದ್ದಲು ಹತ್ತಲೇ ಇಲ್ಲ.

ಮಗ ಚೀಲವನ್ನು ಜಗಲಿಗೆ ಸುರಿಯಲು ಎತ್ತಿದರು. ಅವರ ಕೈ ಹಿಡಿದೆ. ಅಮೆರಿಕದಲ್ಲೇ ನಡೆದ ಇನ್ನೊಂದು ಸಂಗತಿ ನನ್ನ ತಲೆಯಲ್ಲಿತ್ತು. ಮಿನ್ನೆಸೋಟದಲ್ಲಿ ಒಬ್ಬ ಹಳೇ ಮನೆ ಕೊಂಡು ಗೋಡೆ ಒಡೆಯುವಾಗ, 1938ರ ಆ್ಯಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆ ಸಿಕ್ಕಿತು. ಸೂಪರ್‌ಮ್ಯಾನ್ ಮೊದಲು ಬಂದ ಪುಸ್ತಕ, ಆಗಿನ ಬೆಲೆ 10 ಸೆಂಟ್. ಮನೆಯವರೇ ಒಬ್ಬರು ಕಸಿದುಕೊಳ್ಳಲು ಹೋಗಿ ಹಿಂಬದಿ ರಕ್ಷಾಪುಟ ಹರಿಯಿತು. 2013ರಲ್ಲಿ ಅದು 1,75,000 ಡಾಲರಿಗೆ ಹೋಯಿತು. ಹರಿಯದಿದ್ದರೆ ಇನ್ನೂ ಎಷ್ಟೋ ಜಾಸ್ತಿ ಬರುತ್ತಿತ್ತು. ಒಂದು ಕ್ಷಣದ ಎಳೆದಾಟ. ನಾನು ಪಂಚೆ ಹಾಸಲು ಹೇಳಿ, ಒಂದೊಂದನ್ನೇ ಎರಡೂ ಕೈಯಲ್ಲಿ ಎತ್ತಿ ಇಟ್ಟೆ.

ಎಪ್ಪತ್ತಮೂರು ಪುಸ್ತಕ. ಐವತ್ತರ ಮೇಲೆ ಇಂದ್ರಜಾಲ. ಫ್ಯಾಂಟಮ್, ಮ್ಯಾಂಡ್ರೇಕ್. ಕೇಸರಿ ಕುರ್ತಾ, ಜೀನ್ಸ್ ತೊಟ್ಟ ಬಹಾದ್ದೂರ್. ಉಳಿದವು ಅಮರ ಚಿತ್ರ ಕಥೆ. ಹೆಚ್ಚಿನ ಪುಸ್ತಕಗಳ ಅಂಚಿನಲ್ಲಿ ಕೆಂಗಂದು ಹೆಬ್ಬೆಟ್ಟಿನ ಗುರುತು. ಮೊದಲು ರಕ್ತವೋ ಎನಿಸಿತು. ಅಜ್ಜಿ ನೋಡಿ ಹೇಳಿದರು: "ಚೊಗರು ಅದು."

ಚೊಗರು ಅಂದರೆ ಅಡಿಕೆ ಬೇಯಿಸಿದ ಕೆಂಪು ನೀರು. ಸುಗ್ಗಿಯಲ್ಲಿ ರಾತ್ರಿ ಎಲ್ಲರೂ ಮೆಟ್ಟುಗತ್ತಿ ಮುಂದೆ ಅಡಿಕೆ ಸುಲಿಯಲು ಕೂರುತ್ತಿದ್ದರಂತೆ. ಗಂಡ ಶಿವಮೊಗ್ಗದ ಮಂಡಿಗೆ ಅಡಿಕೆ ಹಾಕಲು ಹೋದಾಗೆಲ್ಲ ಬಸ್‌ಸ್ಟ್ಯಾಂಡಿನಲ್ಲಿ ಒಂದೆರಡು ಪುಸ್ತಕ ಕೊಂಡು ತರುತ್ತಿದ್ದರು. ಏಳನೇ ಕ್ಲಾಸು ಓದಿದ ಅಜ್ಜಿ ಲಾಟೀನು ಪಕ್ಕ ಕೂತು ಗಟ್ಟಿಯಾಗಿ ಓದುವುದು. ಓದಿಗಿಂತ ಚಿತ್ರ ನೋಡಲು ಜಗಳವಂತೆ. ಕೈ ಒರೆಸಿಕೊಳ್ಳದೇ ಹಾಳೆ ಹಿಡಿಯುತ್ತಿದ್ದರು. "ಬೈದ್ರೂ ಕೇಳ್ತಿರ್ಲಿಲ್ಲ. ಫ್ಯಾಂಟಮ್ ಬಂದ ರಾತ್ರಿ ಎರಡು ಡಬ್ಬಿ ಅಡಿಕೆ ಜಾಸ್ತಿ ಸುಲೀತಿದ್ರು" ಅಂದರು.

ಕೂಡಿಡುವವರ ಲೆಕ್ಕದಲ್ಲಿ ಕಲೆ ಎಂದರೆ ಬೆಲೆ ಕಮ್ಮಿ. ನನಗೆ ಆ ಲೆಕ್ಕ ಅವತ್ತು ಬೇಡವಾಯಿತು. ಕನ್ನಡದ ಬೊಂಬೆ ಪುಸ್ತಕವನ್ನು ಯಾರು ಓದಿದರು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಹಿ ಎಲ್ಲಿ ಸಿಗುತ್ತದೆ?

ಚೀಲದ ತಳದಲ್ಲಿ ಇನ್ನೊಂದಿತ್ತು. ಕೆಂಪು ಮುಸುಕಿನ ಹುಡುಗಿ ಮತ್ತು ತೋಳದ ಕತೆ. ಮುಖಪುಟದ ಒಂದು ಮೂಲೆ ಇಲ್ಲ. ಮೇಲೆ ಅಮರ ಚಿತ್ರ ಕಥೆ ಎಂದಿತ್ತು. ನನ್ನ ಕೈ ನಡುಗಿತು. ಅಮರ ಚಿತ್ರ ಕಥೆ ಎಂದರೆ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ, ಮತ್ತು 'ಕೃಷ್ಣ' ಅಂತ ಎಲ್ಲರಿಗೂ ಗೊತ್ತು. ಆದರೆ 'ಕೃಷ್ಣ' ಪುಸ್ತಕದ ಸಂಖ್ಯೆ 11. ಅದಕ್ಕಿಂತ ಮೊದಲಿನ ಹತ್ತು ಬಂದಿದ್ದು ಕನ್ನಡದಲ್ಲಿ, 1965ರ ಸುಮಾರಿಗೆ. ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಪ್ರಯತ್ನ ಅದು. ಸಿಂಡ್ರೆಲ್ಲಾ, ಸ್ನೋವೈಟ್‌ನಂಥ ಪಾಶ್ಚಾತ್ಯ ಕತೆಗಳು. ನಮ್ಮ ಭಾಷೆಯಲ್ಲಿ ಶುರುವಾದ ಆ ಹತ್ತರಲ್ಲಿ ಒಂದನ್ನು ಇಪ್ಪತ್ತು ವರ್ಷ ಹುಡುಕಿದ್ದೆ. ಅದು ಈಗ ಹೊಗೆ ವಾಸನೆ ಹೊತ್ತು ನನ್ನ ಅಂಗೈ ಮೇಲಿತ್ತು.

ಸುಮ್ಮನೆ ರಾಶಿಯೊಳಗೆ ಸೇರಿಸಿ "ಒಟ್ಟು ಇಷ್ಟು" ಎಂದು ಹೇಳಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅಜ್ಜಿ ಎದುರಿಗೇ ಕೂತಿದ್ದರು. ಅದನ್ನು ಬೇರೆ ಇಟ್ಟು, "ಅಮ್ಮಾ, ಇದೊಂದು ಬಹಳ ಅಪರೂಪ. ಉಳಿದವಕ್ಕೆ ಒಂದೊಂದಕ್ಕೆ 150 ಕೊಡ್ತೇನೆ. ಇದೊಂದಕ್ಕೇ ಐದು ಸಾವಿರ. ಬೇರೆಯವರು ಇನ್ನೂ ಜಾಸ್ತಿ ಕೊಟ್ಟಾರು" ಎಂದು ಇದ್ದದ್ದು ಹೇಳಿದೆ.

ಮಗ ಕಣ್ಣರಳಿಸಿದರು. ಅಜ್ಜಿ ಪುಸ್ತಕ ತೆಗೆದುಕೊಂಡು ಸೆರಗಿನಿಂದ ಒರೆಸಿದರು. "ಮದುವೆಯಾದ ಹೊಸದರಲ್ಲಿ ತಂದುಕೊಟ್ಟಿದ್ದು. ಇವ್ನಿಗೂ ಇದನ್ನೇ ಓದಿ ಮಲಗಿಸಿದ್ದು. ಇದು ಇರ್ಲಿ ತಮ್ಮಾ." ನಾನು ಮತ್ತೊಮ್ಮೆ ಕೇಳಲಿಲ್ಲ. ಒಂದು ಸಲ ತೆರೆದು ನೋಡಲು ಮಾತ್ರ ಕೇಳಿದೆ. ಕೊಟ್ಟರು. ಮೂವತ್ತೆರಡು ಪುಟವನ್ನೂ ನಿಧಾನವಾಗಿ ನೋಡಿ ವಾಪಸು ಕೊಟ್ಟೆ. ಚೊಗರಿನ ಗುರುತು ಜಾಸ್ತಿ ಇದ್ದ ಹತ್ತನ್ನೂ ಅವರೇ ಆರಿಸಿ ಇಟ್ಟುಕೊಂಡರು. ಅರವತ್ತೆರಡು ನನ್ನ ಪಾಲಿಗೆ ಬಂತು. ಅವರ ಮನೆಯಲ್ಲಿ ಉಳಿದವನ್ನು ಸುತ್ತಿಡಲು ಹತ್ತಿಬಟ್ಟೆ, ಮೆಣಸಿನಕಾಳು ಕೇಳಿ, ಹೇಗಿಡಬೇಕೆಂದು ತೋರಿಸಿದೆ. ಪೆಟ್ಟಿಗೆಯಲ್ಲಿ ಬೇಡ, ಒಲೆ ಮೇಲಿನ ಅಟ್ಟದಲ್ಲೇ ಇಡಿ ಎಂದೆ.

ಮರುದಿನದಿಂದ ರಾತ್ರಿ ಹೊತ್ತು ಅದೇ ಕೆಲಸ. ಚೂಪು ಚಾಕುವಿನ ತುದಿಯಿಂದ ತುಕ್ಕು ಪಿನ್ನಿನ ಕಾಲು ಎತ್ತಿ ನೆಟ್ಟಗೆ ಮಾಡಬೇಕು. ಎಳೆಯಬಾರದು, ಹಿಂದಿನಿಂದ ತಳ್ಳಬೇಕು. ಅದೇ ತೂತಿನಲ್ಲಿ ಹತ್ತಿ ದಾರದ ಹೊಲಿಗೆ. ಹರಿದ ಬೆನ್ನಿಗೆ ತೆಳು ಕಾಗದ, ಮೈದಾ ಅಂಟು. ಅಂಟಿಗೆ ಚಿಟಿಕೆ ಮೈಲುತುತ್ತ, ಹುಳ ಬಾರದಿರಲಿ ಅಂತ. ಅಡಿಕೆಯ ಕೊಳೆರೋಗಕ್ಕೆ ಸುಣ್ಣದ ಜೊತೆ ಕಲಸಿ ಹೊಡೆಯುತ್ತಾರಲ್ಲ, ಅದೇ ತುತ್ತ.

ಜೂನ್ ಮಧ್ಯದಲ್ಲಿ ಒಂದು ರಾತ್ರಿ ಫೋನ್ ಬಂತು. ಅಜ್ಜಿ. ಹಿಂದೆ ಮಳೆ ಹೆಂಚಿನ ಮೇಲೆ ಧೋ ಎನ್ನುವುದು ಕೇಳುತ್ತಿತ್ತು.

"ತಮ್ಮಾ, ನನ್ ಹತ್ರ ಇರೋ ಫ್ಯಾಂಟಮ್ ಪುಸ್ತಕದಲ್ಲಿ ಕತೆ ಅರ್ಧಕ್ಕೇ ನಿಂತಿದೆ. ಮುಂದಿನ ಸಂಚಿಕೆ ನೋಡಿ ಅಂತ ಇದೆ. ಅದು ನಿನ್ ಹತ್ರ ಬಂತಾ ಹೆಂಗೆ?"

ಮುಖಪುಟದ ವಿವರ ಕೇಳಿಕೊಂಡು ಹುಡುಕಿದೆ. ಇತ್ತು. ಹಿಂದಿನ ದಿನವಷ್ಟೇ ಹೊಲಿದಿದ್ದೆ. "ಕಳಿಸಿಕೊಡ್ತೇನೆ ಅಮ್ಮಾ" ಎಂದೆ.

"ಈ ಮಳೇಲಿ ಕಳಿಸ್ಬೇಡ. ಓದು."

ಓದಿದೆ. ಅಲ್ಲಲ್ಲಿ ಅವರು ತಡೆದು ಚಿತ್ರದಲ್ಲಿ ಎಂತ ಇದೆ ಎಂದು ಕೇಳುತ್ತಿದ್ದರು. ಕೊನೆಯ ಪುಟಕ್ಕೆ ಬಂದಾಗ ಹತ್ತೂವರೆ.

"ಮಾತು ಮುಗೀತು ಅಮ್ಮಾ. ಕೊನೇ ಚಿತ್ರದಲ್ಲಿ ಅವನು ಕುದುರೆ ಹತ್ತಿ ಕಾಡಿಗೆ ಹೋಗ್ತಿದ್ದಾನೆ. ಬೆನ್ನು ಮಾತ್ರ ಕಾಣ್ತಿದೆ."

"ಹಿಂದೆ ನಾಯಿ ಇದೆಯಾ?"

"ಇದೆ. ನಾಯಿ ಅಲ್ಲಮ್ಮ, ತೋಳ."

"ಹೌದು ಹೌದು" ಅಂದರು ಅಜ್ಜಿ. "ಸುಲಿಯೋರೂ ನಾಯಿ ಅಂತಿದ್ರು. ನಾನೇ ಹೇಳ್ತಿದ್ದೆ, ತೋಳ ಅಂತ."