ಮೋಟರೋ, ಗೇಟ್‌ವಾಲ್ವೋ?

ನಲವತ್ತು ವರ್ಷ ತಿಪಟೂರಿನ ಸುತ್ತಮುತ್ತಲ ತೋಟಗಳಲ್ಲಿ ಪಂಪ್‌ಸೆಟ್ ರಿಪೇರಿ ಮಾಡಿದವರು ನಮ್ಮಪ್ಪ. ಹಾಗಾಗಿ ಬೆಂಗಳೂರಿನ ಹೃದ್ರೋಗ ತಜ್ಞರು ಎಕೋ ವರದಿ ಹಿಡಿದು ಹಣೆ ಉಜ್ಜಿಕೊಂಡಾಗ, ಅವರ ಗೊಂದಲ ನನಗಿಂತ ಮೊದಲು ಅರ್ಥವಾದದ್ದು ಅಪ್ಪನಿಗೇ.

ಮೂರು-ನಾಲ್ಕು ಚದರ ಸೆಂಟಿಮೀಟರ್ ತೆರೆಯಬೇಕಾದ ಮಹಾಪಧಮನಿಯ ಕವಾಟ 0.7ರಷ್ಟೇ ತೆರೆಯುತ್ತಿತ್ತು. ಒಂದಕ್ಕಿಂತ ಕಡಿಮೆಯಾದರೇ ಕವಾಟ ತೀವ್ರವಾಗಿ ಕಿರಿದಾಗಿದೆ ಎನ್ನುತ್ತಾರೆ. ಅಷ್ಟು ಕಿರಿದಾದ ಬಾಯಿಯ ಆಚೀಚೆ ಒತ್ತಡದ ಸರಾಸರಿ ವ್ಯತ್ಯಾಸ, ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ, 40 ಆದರೂ ಇರಬೇಕಿತ್ತು, ಅಪ್ಪನದು 26. ಇಎಫ್, ಅಂದರೆ ಹೃದಯದಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಹೊರಹೋಗುವ ಪಾಲು, ಶೇ 32 ಮಾತ್ರ. ಬಂಧುಗಳೆಲ್ಲ ಫೋನಿನಲ್ಲಿ ಕೇಳುತ್ತಿದ್ದುದು ಈ ಇಎಫ್ ಒಂದನ್ನೇ, ಪರೀಕ್ಷೆಯ ಅಂಕ ಕೇಳುವ ಹಾಗೆ. ಡಾಕ್ಟರಿಗೆ ಬೇಕಿದ್ದದ್ದು ಬೇರೆ: ಕವಾಟ ನಿಜಕ್ಕೂ ಸುಣ್ಣಗಟ್ಟಿ ಬಿಗಿದುಕೊಂಡಿದೆಯೋ, ಇಲ್ಲವೇ ಸೋತ ಸ್ನಾಯುವಿಗೆ ಅದನ್ನು ತಳ್ಳಿ ತೆರೆಯುವ ಶಕ್ತಿಯೇ ಇಲ್ಲವೋ?

"ನೀರು ಸಣ್ಣಗೆ ಬಂದರೆ ನಾವು ಮೊದಲು ವೋಲ್ಟೇಜ್ ನೋಡುತ್ತೇವೆ" ಎಂದರು ಅಪ್ಪ.

"ನಾವೂ ವೋಲ್ಟೇಜ್ ಏರಿಸಿಯೇ ನೋಡೋಣ, ಯಜಮಾನರೇ" ಎಂದರು ಡಾಕ್ಟರ್.

ಮರುದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎಡಮಗ್ಗುಲಿಗೆ ಮಲಗಿಸಿ, ಕೈಯ ನರಕ್ಕೆ ಡೊಬುಟಮಿನ್ ಎಂಬ, ಹೃದಯ ಜೋರಾಗಿ ಬಡಿಯುವಂತೆ ಮಾಡುವ ಔಷಧಿ ಹನಿಸತೊಡಗಿದರು. ಮೊದಲು 5, ಆಮೇಲೆ 10, ಕೊನೆಗೆ 20 ಮೈಕ್ರೋಗ್ರಾಂ. ಪ್ರತಿ ಕಿಲೋ ತೂಕಕ್ಕೆ, ನಿಮಿಷಕ್ಕೆ. ಒಂದೊಂದು ಮೆಟ್ಟಿಲಿಗೂ ಎಕೋ ಅಳತೆ. ನಾನು ಪರದೆ ನೋಡುವ ಧೈರ್ಯವಿಲ್ಲದೆ ಗೋಡೆಯ ಗಡಿಯಾರ ನೋಡುತ್ತಿದ್ದೆ. "ಎದೆಯೊಳಗೆ ಯಾರೋ ಭತ್ತ ಕುಟ್ಟುತ್ತಿದ್ದಾರೆ" ಎಂದರು ಅಪ್ಪ. ನರ್ಸ್ ನಕ್ಕರು, ನನಗೆ ನಗು ಬರಲಿಲ್ಲ.

ಒಂದು ಬಡಿತಕ್ಕೆ 46 ಮಿಲಿಲೀಟರ್ ತಳ್ಳುತ್ತಿದ್ದ ಹೃದಯ 58 ತಳ್ಳಿತು. ಶೇ 20ರಷ್ಟಾದರೂ ಏರಿದರೆ ಸ್ನಾಯುವಿನಲ್ಲಿ ಇನ್ನೂ ಕಸುವು ಉಳಿದಿದೆ ಎಂದು ಲೆಕ್ಕವಂತೆ. ಅಪ್ಪನದು ಅದನ್ನು ದಾಟಿತ್ತು. ಒತ್ತಡದ ವ್ಯತ್ಯಾಸ 42ಕ್ಕೆ ಹೋಯಿತು. ಕವಾಟ ಮಾತ್ರ 0.7ರಿಂದ ಕದಲಲಿಲ್ಲ. ಬರೀ ಸ್ನಾಯುವಿನ ಸೋಲಾಗಿದ್ದರೆ, ಅಷ್ಟು ರಭಸಕ್ಕೆ ಅದು ಇನ್ನಷ್ಟು ಅಗಲವಾಗಬೇಕಿತ್ತು.

ಕವಾಟ ಬದಲಿಸಬೇಕು ಎಂದರು ಡಾಕ್ಟರ್. ತೊಡೆಯ ರಕ್ತನಾಳದ ಮೂಲಕ ಹಾಕುವುದೋ, ಎದೆ ತೆರೆದೋ ಎಂಬುದನ್ನು ಸಿಟಿ ಸ್ಕ್ಯಾನ್ ನೋಡಿ ನಿರ್ಧರಿಸುತ್ತಾರಂತೆ.

ಹೊರಗೆ ಬಂದವರೇ ಅಪ್ಪ ನನ್ನ ಮೊಬೈಲ್ ಕಿತ್ತುಕೊಂಡು ಅಮ್ಮನಿಗೆ ಫೋನ್ ಮಾಡಿದರು. "ಮೋಟರ್ ಪರವಾಗಿಲ್ಲ ಕಣೇ, ಗೇಟ್‌ವಾಲ್ವ್ ಹೋಗಿದೆ."

"ಅದಿರಲಿ, ತಿಂಡಿ ಆಯಿತಾ?" ಎಂದರು ಅಮ್ಮ.