ಲೆನ್ಸಿನ ಹೆಸರು ಕೇಳುವ ಮುಂಚೆ

"ಚೆನ್ನಾಗಿ ಬಂದಿದೆ ಕಣ್ರೀ" ಅಂದರು ಮೇಷ್ಟ್ರು. ನನ್ನ ಕ್ಯಾಮೆರಾ ಇಸ್ಕೊಂಡು, ಪರದೆ ಮೇಲೆ ಫೋಟೊ ದೊಡ್ಡದು ಮಾಡಿ, ಬೆಳ್ಳಕ್ಕಿಯ ಕಣ್ಣು, ಕೊಕ್ಕು, ಕತ್ತಿನ ಗರಿ ಎಲ್ಲ ನೋಡಿದ ಮೇಲೆ ಹೇಳಿದ ಮಾತು ಅದು. ಆಮೇಲೆ ಕೇಳಿದರು: "ಯಾವ ಲೆನ್ಸು?"

"70-200, ಅದಕ್ಕೆ 2ಎಕ್ಸ್ ಕನ್ವರ್ಟರ್ ಹಾಕಿದೀನಿ." ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಸಿಕ್ಕಿಸಿ ಚಿತ್ರವನ್ನು ಎರಡು ಪಟ್ಟು ದೊಡ್ಡದು ಮಾಡುವ ತುಂಡು ಅದು.

ಮತ್ತೆ ಪರದೆ ನೋಡಿದರು. "ಅದಕ್ಕೇ ಸ್ವಲ್ಪ ಸಾಫ್ಟ್ ಆಗಿದೆ, ನೋಡಿ." ಅಂದರೆ ಅಷ್ಟು ಚೂಪಾಗಿ ಬಂದಿಲ್ಲ ಅಂತ.

ಭಾನುವಾರ ಮಂಡಗದ್ದೆಯಲ್ಲಿ ನಡೆದದ್ದು ಇಷ್ಟೇ. ಆದರೆ ವಾರವೆಲ್ಲ ನನ್ನ ತಲೆಯಲ್ಲಿ ಇದೇ ಓಡುತ್ತಿದೆ. ಎರಡು ಮಾತಿನ ನಡುವೆ ಫೋಟೊ ಬದಲಾಗಿರಲಿಲ್ಲ. ಬೆಳಕು, ಪರದೆ, ಅವರ ಕನ್ನಡಕ, ಯಾವುದೂ ಬದಲಾಗಿರಲಿಲ್ಲ. ನಡುವೆ ಬಂದದ್ದು ಲೆನ್ಸಿನ ಹೆಸರು ಮಾತ್ರ!

ಮಳೆ ಒಂದಿಷ್ಟು ಹೊಳವಾಗಿತ್ತು ಅಂತ ಬೆಳಿಗ್ಗೆಯೇ ಶಿವಮೊಗ್ಗ ಬಿಟ್ಟಿದ್ದೆ. ತೀರ್ಥಹಳ್ಳಿ ರಸ್ತೆಯಲ್ಲಿ 30 ಕಿ.ಮೀ. ಹೋದರೆ ಮಂಡಗದ್ದೆ. ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳ ಸಂತೆ. ನಮಗೂ ಗೂಡಿಗೂ ನಡುವೆ ಹೊಳೆ. ಹತ್ತಿರ ಹೋಗುವ ಹಾಗಿಲ್ಲ, ಹೋಗಲೂಬಾರದು. ಹಾಗಾಗಿ ಅಲ್ಲಿ ಎಲ್ಲರ ಮಾತೂ ದೂರದ್ದನ್ನು ಹತ್ತಿರ ತರುವ 400 ಎಂಎಂ ಲೆನ್ಸಿನಿಂದಲೇ ಶುರು.

ಮೇಷ್ಟ್ರ ಪರಿಚಯ ಆದದ್ದು ಅಲ್ಲೇ. ರಿಟೈರ್ ಆದವರು. ಹಕ್ಕಿಗಳ ವಿಷಯದಲ್ಲಿ ನನಗಿಂತ ಎಷ್ಟೋ ತಿಳಿದವರು. ದೂರದಲ್ಲಿ ಹಾರಿದ ನೀರುಕಾಗೆ ಯಾವ ಜಾತಿಯದು ಅಂತ ಬೈನಾಕ್ಯುಲರ್ ಇಲ್ಲದೆ ಹೇಳಿದರು. ಆದರೆ ಕುತ್ತಿಗೆಗೆ ಪ್ರೈಮ್, ಅಂದರೆ ಜೂಮ್ ಆಗದ ಲೆನ್ಸು, ನೇತು ಹಾಕಿಕೊಂಡವರಿಗೆ ಒಂದು ಗತ್ತು ಬಂದುಬಿಡುತ್ತದೆ. ಇವರಿಗೂ ಇತ್ತು. ಜೊತೆಗಿದ್ದ ಅವರ ತಂಗಿ ಮಗನಿಗೆ ಇನ್ನೂ ಜಾಸ್ತಿ. ಆ ಹುಡುಗ ಅಷ್ಟು ಹೊತ್ತಿನಲ್ಲಿ ಹಕ್ಕಿ ನೋಡಿದ್ದೇ ಕಾಣೆ, ಬಂದವರ ಲೆನ್ಸುಗಳ ರೇಟು ಮಾತ್ರ ಸರಿಯಾಗಿ ಹೇಳುತ್ತಿದ್ದ.

ಮೇಷ್ಟ್ರ ಕೈಲಿದ್ದದ್ದು ಕ್ಯಾನನ್ 400 ಎಂಎಂ ಎಫ್/5.6. 1993ರಲ್ಲಿ ಬಂದ ಲೆನ್ಸು. ನನ್ನದೂ ಕ್ಯಾನನ್ನೇ, 2010ರ 70-200 ಎಫ್/2.8. ಅದಕ್ಕೆ 2ಎಕ್ಸ್ ಹಾಕಿದರೆ ಅದೂ 400 ಎಂಎಂ, ಅದೂ ಎಫ್/5.6. ಎಫ್ ಅಂದರೆ ಲೆನ್ಸಿನ ಕಿಂಡಿಯ ಅಳತೆ, ಅಂಕಿ ಸಣ್ಣದಾದಷ್ಟು ಬೆಳಕು ಜಾಸ್ತಿ. ಕಾಗದದ ಮೇಲೆ ಎರಡೂ ಒಂದೇ. ನನ್ನ ಮುಖ ಸಣ್ಣದಾಗಿದ್ದು ಕಂಡಿತೋ ಏನೋ, "ತಗೊಳ್ಳಿ ಮಾರಾಯ್ರೆ, ನೀವೇ ಹಾಕಿ ನೋಡಿ" ಅಂತ ತಮ್ಮ ಲೆನ್ಸು ಬಿಚ್ಚಿ ಕೊಟ್ಟೇಬಿಟ್ಟರು. ಗುರುತು ಪರಿಚಯ ಇಲ್ಲದವನ ಕೈಗೆ ಲೆನ್ಸು ಕೊಡುವುದು ಸಣ್ಣ ಮಾತಲ್ಲ. ಆ ದೊಡ್ಡತನಕ್ಕೆ ನಾನು ಎರಡು ಮಾತಿಲ್ಲದೆ ಕೈ ಮುಗಿಯುತ್ತೇನೆ.

ಟ್ರೈಪಾಡ್ ಮೇಲೆ ಒಂದೇ ಕ್ಯಾಮೆರಾ, ಒಂದೇ ಗೂಡು. ಎರಡೂ ಲೆನ್ಸು ಬದಲಿಸಿ ಬದಲಿಸಿ ತೆಗೆದೆ. ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ನೂರಕ್ಕೆ ನೂರು ದೊಡ್ಡದು ಮಾಡಿ ಅಕ್ಕಪಕ್ಕ ಇಟ್ಟೆ. ಎಫ್/5.6ರಲ್ಲಿ ಪ್ರೈಮ್ ಗೆದ್ದಿತ್ತು. ಬಿಳಿ ಗರಿಯ ಮುಂದೆ ಯಾವ ಲೆನ್ಸಿನ ಗುಟ್ಟೂ ನಿಲ್ಲುವುದಿಲ್ಲ. ಪ್ರೈಮಿನಲ್ಲಿ ಬೆಳ್ಳಕ್ಕಿಯ ಬೆನ್ನಿನ ಎಳೆ ಎಳೆ ಬೇರೆ ಬೇರೆ ಕಾಣುತ್ತಿತ್ತು. ಕನ್ವರ್ಟರಿನಲ್ಲಿ ಅವು ಒಂದಕ್ಕೊಂದು ಅಂಟಿಕೊಂಡಿದ್ದವು. ಕಪ್ಪು ಎಲೆಗೆ ಬಿಳಿ ರೆಕ್ಕೆ ತಾಗುವ ಅಂಚಿನಲ್ಲಿ ತೆಳುವಾಗಿ ನೇರಳೆ ಬಣ್ಣ ಬೇರೆ.

ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಪ್ರೈಮಿನ ಒಳಗೆ 7 ಗಾಜು. ನನ್ನ ಜೂಮಿನಲ್ಲಿ 23, ಕನ್ವರ್ಟರಿನಲ್ಲಿ 9, ಒಟ್ಟು 32. ಕನ್ವರ್ಟರ್ ಹೊಸದಾಗಿ ಏನನ್ನೂ ನೋಡುವುದಿಲ್ಲ. ಮುಂದಿನ ಲೆನ್ಸು ಕಂಡದ್ದನ್ನು, ಅದರ ಕುಂದೂ ಸೇರಿ, ದೊಡ್ಡದು ಮಾಡಿ ಹಿಂದಕ್ಕೆ ದಾಟಿಸುತ್ತದೆ. ಮೊದಲು ಬೀಳುತ್ತಿದ್ದ ಬೆಳಕನ್ನೇ ನಾಲ್ಕು ಪಟ್ಟು ಜಾಗಕ್ಕೆ ಹರಡಬೇಕು, ಅದಕ್ಕೇ ಎಫ್/2.8 ಹೋಗಿ 5.6 ಆಗುವುದು. ಫೋಕಸ್ ಕೂಡ ನಿಧಾನ. 2ಎಕ್ಸ್ ಹಾಕಿದರೆ ಕ್ಯಾನನ್‌ನವರೇ ಫೋಕಸ್ ಮೋಟಾರನ್ನು ಕಾಲು ಭಾಗ ವೇಗಕ್ಕೆ ಇಳಿಸಿಬಿಡುತ್ತಾರೆ. ನೀರಿನಿಂದ ಎದ್ದು ನೀರುಕಾಗೆ ನನ್ನ ಕಡೆಗೇ ಹಾರಿ ಬಂದಾಗ ಜೂಮು ಹಿಂದಿನ ಮರವನ್ನೇ ಹಿಡಿದುಕೊಂಡು ಕೂತಿತ್ತು. ಪ್ರೈಮು ಟಕ್ಕನೆ ಹಕ್ಕಿಯನ್ನು ಹಿಡಿಯಿತು.

ಆದರೆ ಎಫ್/8ಕ್ಕೆ ಇಳಿಸಿ ತೆಗೆದ ಜೋಡಿಯಲ್ಲಿ ವ್ಯತ್ಯಾಸ ಹುಡುಕಬೇಕಾಯಿತು. ಆಮೇಲೆ ಮೋಡ ಕವಿಯಿತು. ಟ್ರೈಪಾಡ್ ಬಿಟ್ಟು ಕೈಯಲ್ಲೇ ಹಿಡಿದು, ಶಟರ್ ವೇಗ 1/125 ಸೆಕೆಂಡಿಗೆ ಇಳಿಸಿದಾಗ ಆಟ ತಿರುಗಿತು. ಆ 400ಕ್ಕೆ ಕೈ ನಡುಕ ತಡೆಯುವ ಸ್ಟೆಬಿಲೈಸರ್ ಇಲ್ಲ, ನನ್ನ ಜೂಮಿಗೆ ಇದೆ. ಕೂತ ಹಕ್ಕಿಯ ಕಣ್ಣು ಜೂಮಿನಲ್ಲಿ ಗಟ್ಟಿಯಾಗಿ ಬಂತು, ಪ್ರೈಮಿನಲ್ಲಿ ಎರಡೆರಡು ಕಣ್ಣು. ಮಲೆನಾಡಿನ ಮಳೆಗಾಲದಲ್ಲಿ ಇಂಥ ಬೆಳಕೇ ಜಾಸ್ತಿ, ಅಲ್ವಾ? ಇನ್ನು ತೂಕ. ಪ್ರೈಮ್ 1,250 ಗ್ರಾಂ, ನನ್ನದು ಕನ್ವರ್ಟರ್ ಸೇರಿ 1,800 ಗ್ರಾಂ ದಾಟುತ್ತದೆ. ಭುಜದ ಮಟ್ಟಿಗೆ ಮೇಷ್ಟ್ರೇ ಜಾಣರು.

ಅಂದರೆ ಅವರು ಹೇಳಿದ್ದು ಸುಳ್ಳಲ್ಲ. ಆ ಫೋಟೊ ಸ್ವಲ್ಪ ಸಾಫ್ಟೇ. ನನಗೆ ಚುಚ್ಚುತ್ತಿರುವುದು ಬೇರೆ. ಕಣ್ಣಿನಿಂದ ನೋಡಿದಾಗ ಅವರಿಗೆ ಅದು ಕಾಣಲಿಲ್ಲ. ಕಿವಿಯಿಂದ ಕೇಳಿದ ಮೇಲೆ ಕಂಡಿತು. ಕಾಣದೇ ಇದ್ದ ಕುಂದು ಅಷ್ಟು ಚಿಕ್ಕ ಪರದೆಯಲ್ಲಿ ಅರೆಕ್ಷಣದಲ್ಲಿ ಎಲ್ಲಿಂದ ಬಂತು?

ಅಡಿಕೆ ಮಂಡಿಯಲ್ಲಿ ಮೂಟೆ ಬಿಚ್ಚಿ, ಒಂದು ಹಿಡಿ ಅಂಗೈಗೆ ಹಾಕಿಕೊಂಡು, ಒಂದನ್ನು ಒಡೆದು ನೋಡಿದ ಮೇಲೆ ಯಾವ ದರ್ಜೆ, ರಾಶಿಯೋ ಬೆಟ್ಟೆಯೋ, ದರ ಎಷ್ಟೋ ಅಂತ ಮಾತು. ಅಲ್ಲೂ ತೋಟದ ಹೆಸರು ನೋಡಿ ದರ ಹಾಕುವವರಿಲ್ವಾ ಅಂದರೆ, ಇರಬಹುದು. ಆದರೂ ಮೂಟೆಯನ್ನಂತೂ ಬಿಚ್ಚುತ್ತಾರೆ. ನಾವು ಹಲವು ಕಡೆ ಬಿಚ್ಚುವುದೇ ಇಲ್ಲ. ನಮ್ಮ ಮನೆಯಲ್ಲೇ ನೋಡಿ. ಮಗಳ ಜೊತೆ ಓದಿದ ಹುಡುಗನೊಬ್ಬ ಚೆನ್ನಾಗಿ ಮಾತಾಡುತ್ತಾನೆ ಅಂತ ನಮ್ಮ ಅತ್ತೆ ಹೊಗಳುತ್ತಲೇ ಇದ್ದರು. ಅವನು ಯಾವ ಕಾಲೇಜು ಸೇರಿದ ಅಂತ ಗೊತ್ತಾದ ದಿನದಿಂದ ಅವನ ಮಾತಿನಲ್ಲಿ ಅವರಿಗೆ ಉದ್ಧಟತನ ಕಾಣಿಸತೊಡಗಿದೆ. ಹುಡುಗ ಅದೇ, ಮಾತೂ ಅದೇ.

ಬುಧವಾರ ರಾತ್ರಿ ಸುಮ್ನೆ ಒಂದು ಕಿತಾಪತಿ ಮಾಡಿದೆ. ಎಫ್/8ರ ಎರಡು ಫೋಟೊ, ಪ್ರೈಮಿನದು ಒಂದು, ಜೂಮಿನದು ಒಂದು, ಒಂದೇ ಅಳತೆಗೆ ಕತ್ತರಿಸಿ ಮೇಷ್ಟ್ರಿಗೆ ವಾಟ್ಸಾಪ್ ಮಾಡಿದೆ. ವಾಟ್ಸಾಪ್ ಫೋಟೊ ಹಿಂಡಿಬಿಡುತ್ತದೆ ಅಂತ ಡಾಕ್ಯುಮೆಂಟ್ ಆಗಿಯೇ ಕಳಿಸಿದೆ. ಫೈಲಿನ ಒಳಗೆ ಲೆನ್ಸಿನ ವಿವರ ಇರುತ್ತದಲ್ಲ, ಅದನ್ನೂ ಅಳಿಸಿದ್ದೆ. "ಯಾವುದು ಚೆನ್ನಾಗಿದೆ ಹೇಳಿ ಮೇಷ್ಟ್ರೇ" ಅಂತ ಕೆಳಗೆ ಒಂದು ಸಾಲು.

ನೀಲಿ ಟಿಕ್ ಬಂತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಉತ್ತರ: "ಯಾವುದು ಯಾವ ಲೆನ್ಸಿನದು ಅಂತ ಮೊದಲು ಹೇಳಿ, ಆಮೇಲೆ ಹೇಳ್ತೀನಿ."

ಒಬ್ಬನೇ ಕೂತು ಜೋರಾಗಿ ನಕ್ಕೆ. ಹೆಂಡತಿ ಒಳಗಿನಿಂದ ಏನಾಯ್ತು ಅಂತ ಕೇಳಿದಳು. ಹೇಳಿದರೆ ಮತ್ತೆ ಲೆನ್ಸು ಪುರಾಣ ಶುರು ಮಾಡಿದ್ರಾ ಅನ್ನುತ್ತಾಳೆ, ಹೇಳಲಿಲ್ಲ.

ಬೇಸಿಗೆಯಲ್ಲಿ ಒಟ್ಟಿಗೆ ಲಕ್ಕವಳ್ಳಿಗೆ ಹೋಗುವ ಮಾತಾಗಿದೆ. ಭದ್ರಾ ಹಿನ್ನೀರು ಇಳಿದು ನಡುಗಡ್ಡೆ ಮೇಲೆದ್ದಾಗ ಅಲ್ಲಿ ರಿವರ್ ಟರ್ನ್ ಅನ್ನುವ ಹೊಳೆಹಕ್ಕಿಗಳು ಮೊಟ್ಟೆಯಿಡುತ್ತವೆ. ಟರ್ನ್ ಹಾರುವುದನ್ನು ಹಿಡಿಯಲು ಕನ್ವರ್ಟರ್ ಕಟ್ಟಿಕೊಂಡು ಹೋದರೆ ಬರೀ ಆಕಾಶ ಬರುತ್ತದೆ. ಅದಕ್ಕೆ ಅವರ ಪ್ರೈಮೇ ಆಗಬೇಕು. ಅಲುಗಾಡುವ ದೋಣಿಯಲ್ಲಿ ನನ್ನ ಜೂಮಿಗೂ ಕೆಲಸ ಇದೆ. ದೋಣಿಯ ಖರ್ಚು ಅರ್ಧ ಅರ್ಧ ಅಂದಿದ್ದಾರೆ. ದಡಕ್ಕೆ ಬಂದ ಮೇಲೆ ಫೋಟೊ ಮೊದಲು ನೋಡೋದು, ಲೆನ್ಸು ಆಮೇಲೆ ಕೇಳೋದು ಅಂತ ನಾನೊಂದು ಷರತ್ತು ಇಟ್ಟೆ. "ಆಯ್ತು, ನೋಡೋಣ" ಅಂತ ಬರೆದಿದ್ದಾರೆ. ಆ ಎರಡು ಫೋಟೊಗಳ ಬಗ್ಗೆ ಮಾತ್ರ ಇನ್ನೂ ಬಾಯಿ ಬಿಟ್ಟಿಲ್ಲ.