ಅಡುಗೆ ಮಾಡ್ತಾ ಇಲ್ವಾ ಅಕ್ಕಾ?

"ಅಕ್ಕಾ, ಮನೇಲಿ ಅಡುಗೆ ಮಾಡ್ತಾ ಇಲ್ವಾ? ಹುಷಾರಿಲ್ವಾ?"

ಸೋಮವಾರ ಬೆಳಿಗ್ಗೆ ಕಸದ ಆಟೋ ಪಕ್ಕದಲ್ಲಿ ನಿಂತು ನಮ್ಮ ಬೀದಿಯ ಪೌರಕಾರ್ಮಿಕ ಮಹಿಳೆ ಕೇಳಿದರು. ಅವತ್ತಿನಿಂದ ಆ ಮಾತು ತಲೆಯಿಂದ ಹೋಗುತ್ತಿಲ್ಲ. ಎರಡು ತಿಂಗಳಿಂದ ನಾನು ಹಸಿ ಕಸ ಕೊಟ್ಟಿರಲಿಲ್ಲ. "ಊರಿಗೆ ಹೋಗಿದೀರ ಅನ್ಕೊಂಡಿದ್ದೆ. ಆಮೇಲೆ ನೋಡಿದ್ರೆ ಸೊಪ್ಪಿನ ಗಾಡಿ ಹತ್ರ ನಿಂತಿದ್ರಿ" ಅಂದರು.

ಸೊಪ್ಪು ತಗೊಂಡವಳ ಮನೆಯಿಂದ ಸೊಪ್ಪಿನ ದಂಟು ಬರಲಿಲ್ಲ ಅಂತ ಯೋಚನೆ ಮಾಡಿದವರು ಇಡೀ ಬೀದಿಯಲ್ಲಿ ಇವರೊಬ್ಬರೇ.

ಆ ಹಸಿ ಕಸದಿಂದ ಮನೆಯಲ್ಲೇ ಗೊಬ್ಬರ ಮಾಡಲು ನಾನು ಶುರು ಮಾಡಿದ್ದೇ ಇವರನ್ನು ನೋಡಿ. ಬೇಸಿಗೆಯಲ್ಲಿ ಒಂದು ದಿನ ಯಾರೋ ಗಂಟು ಕಟ್ಟಿ ಎಸೆದಿದ್ದ ಪ್ಲಾಸ್ಟಿಕ್ ಚೀಲವನ್ನು ಇವರು ಬರಿಗೈಯಲ್ಲಿ ಬಿಚ್ಚುತ್ತಿದ್ದರು. ಒಳಗೆ ಹಳಸಿದ ಅನ್ನ, ಡೈಪರ್, ಒಂದು ಬ್ಲೇಡು. ಗಾಳಿಯಿಲ್ಲದೆ ಕಟ್ಟಿಟ್ಟ ಹಸಿ ಕಸ ಒಂದೇ ರಾತ್ರಿಗೆ ಎಂಥಾ ವಾಸನೆ ಹೊಡೆಯುತ್ತದೆ ಅಂತ ಅವತ್ತು ಗೊತ್ತಾಯಿತು. ಮಾರನೇ ದಿನವೇ ಮೂರು ಅಂತಸ್ತಿನ ಮಣ್ಣಿನ ಮಡಕೆ ತಂದೆ.

ನಮ್ಮ ಮನೆಯಲ್ಲಿ ಗಿಡಗಳಿಲ್ಲ. ಬಾಲ್ಕನಿಗೆ ಬಿಸಿಲೇ ಬರುವುದಿಲ್ಲ. ಕೆಳಗಿನ ಮನೆಯ ಯಜಮಾನರು ಮಡಕೆ ನೋಡಿ, "ಒಂದು ತುಳಸಿ ಗಿಡಾನೂ ಇಲ್ಲ, ಗೊಬ್ಬರ ಯಾರಿಗೆ?" ಅಂದಿದ್ದರು. ಅವರು ಕೆಟ್ಟವರಲ್ಲ. ಕಷ್ಟಕ್ಕೆ ಮೊದಲು ಬರುವವರು. ಆದರೆ ಬಾಗಿಲು ದಾಟಿದ ಮೇಲೆ ಕಸ ಎಲ್ಲೂ ಇರುವುದಿಲ್ಲ ಅಂತ ನಂಬಿದವರು. 2014ರಲ್ಲಿ, ನಗರದ ಕಸ ತಂದು ಸುರಿಯುತ್ತಿದ್ದ ಮಂಡೂರು ಹಳ್ಳಿಯ ಜನ ಬೆಂಗಳೂರಿನ ಕಸದ ಲಾರಿಗಳನ್ನು ತಡೆದು ನಿಂತಿದ್ದರಲ್ಲ, ಆ ಲಾರಿಗಳಲ್ಲಿ ನನ್ನ ಮನೆಯ ಬಾಳೆಹಣ್ಣಿನ ಸಿಪ್ಪೆಯೂ ಇತ್ತು, ಅವರ ಮನೆಯದೂ ಇತ್ತು. ಗೊಬ್ಬರ ಬೇಕು ಅಂತ ನಾನು ಇದನ್ನು ಮಾಡುತ್ತಿಲ್ಲ. ಕಸ ಬೇರೆಯವರ ಕೈಗೆ, ಬೇರೆಯವರ ಊರಿಗೆ ಹೋಗಬಾರದು ಅಂತ ಮಾಡುತ್ತಿದ್ದೇನೆ.

ಕೆಲಸವೂ ದೊಡ್ಡದಲ್ಲ. ಒಂದು ಪದರ ತರಕಾರಿ ಸಿಪ್ಪೆ, ಅದರ ಮೇಲೆ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ. ಮೊದಲ ಸಲ ಒಂದಿಷ್ಟು ಹುಳಿ ಮಜ್ಜಿಗೆ. ವಾಸನೆ ಬಂದರೆ ನೀರು ಜಾಸ್ತಿಯಾಗಿ ಒಳಗೆ ಗಾಳಿ ಆಡುತ್ತಿಲ್ಲ ಅಂತ ಅರ್ಥ. ಒಣ ಎಲೆ ಇನ್ನಷ್ಟು ಹಾಕಿ ಕೆದಕಿದರೆ ಸರಿಹೋಗುತ್ತದೆ. ಮೂರನೇ ವಾರ ದಪ್ಪ ಹುಳುಗಳನ್ನು ಕಂಡು ಹೆದರಿದ್ದೆ. ಅವು ಒಂದು ಬಗೆಯ ನೊಣದ ಮರಿಗಳು. ಕಚ್ಚುವುದಿಲ್ಲ, ಸಿಪ್ಪೆ ತಿಂದು ಬೇಗ ಕರಗಿಸುತ್ತವೆ.

ಸೋಮವಾರ ಆ ಪೌರಕಾರ್ಮಿಕ ಮಹಿಳೆಯನ್ನು ಮೇಲೆ ಕರೆದೆ. ಮುಚ್ಚಳ ತೆಗೆದು ತೋರಿಸಿದೆ. ಅವರು ಬಗ್ಗಿ ನೋಡಲಿಲ್ಲ, ಮೂಸಲೂ ಇಲ್ಲ. ಸೀದಾ ಗೊಬ್ಬರ ಇದ್ದ ಕೆಳಗಿನ ಮಡಕೆಯನ್ನು ಎರಡೂ ಕೈಯಲ್ಲಿ ಎತ್ತಿ ನೋಡಿದರು.

"ಎಷ್ಟು ದಿನದ್ದು ಇದು?"

"ಮೊದಲ ತಿಂಗಳದ್ದು ಪೂರ್ತಿ."

"ತಿಂಗಳದ್ದು ಇಷ್ಟೇನಾ ಭಾರ?"

ಎರಡು ಸಲ ಕೇಳಿದರು. ಇನ್ನೊಂದು ಸಲ ಎತ್ತಿದರು. ಹಸಿ ಕಸದಲ್ಲಿ ಸುಮಾರು ಮುಕ್ಕಾಲು ಪಾಲು ಬರೀ ನೀರು, ಗೊಬ್ಬರ ಆಗುವಾಗ ಅದರಲ್ಲಿ ಬಹಳಷ್ಟು ಆರಿಹೋಗುತ್ತದೆ ಅಂತ ಓದಿದ್ದೆ. ಆ ನೀರನ್ನು ದಿನಾ ಹೊರುವುದು ಯಾರು ಅಂತ ಮಾತ್ರ ಯೋಚಿಸಿರಲಿಲ್ಲ. ಬೀದಿಯ ನೂರು ಮನೆಯ ಬಕೆಟ್ ಎತ್ತಿ ಆಟೋಗೆ ಸುರಿಯುವ ತೋಳಿಗೆ ಅದು ಗೊತ್ತು. ಗೊಬ್ಬರದ ಬಗ್ಗೆ ನಾವು ಮಾತಾಡುವಾಗ ಮಣ್ಣು, ಗಿಡ, ಪರಿಸರ ಎಲ್ಲಾ ಬರುತ್ತದೆ. ಈ ತೋಳಿನ ನೋವು ಯಾಕೆ ಬರುವುದಿಲ್ಲ?

"ಗೊಬ್ಬರ ಏನ್ಮಾಡ್ತೀರ?" ಅಂದರು. ಗೊತ್ತಿಲ್ಲ ಅಂದೆ. ಮೂಲೆಯ ಹೊಂಗೆ ಮರ ತೋರಿಸಿದರು. ಅದರ ಬುಡಕ್ಕೆ ಗೇಣು ಜಾಗ ಬಿಟ್ಟು ಸುತ್ತ ಸಿಮೆಂಟ್ ಹಾಕಿದ್ದಾರೆ. ಅಲ್ಲಿಗೇ ಇಬ್ಬರೂ ಸೇರಿ ಹಾಕಿದೆವು.

ಒಣ ಎಲೆ ಮುಗಿದಿದೆ ಅಂತ ಮಾತಿನ ಮಧ್ಯೆ ಹೇಳಿದ್ದೆ. ಬುಧವಾರ ಗೇಟಿನ ಹತ್ತಿರ ಒಂದು ಮೂಟೆ ಇತ್ತು. ಎಲ್ಲಾ ಹೊಂಗೆ ಎಲೆ, ಅವರು ದಿನಾ ಗುಡಿಸುವಂಥದ್ದು. "ಇಲ್ದಿದ್ರೆ ಯಾರಾದ್ರೂ ಬೆಂಕಿ ಹಾಕ್ತಾರೆ" ಅಂದರು. ರಾತ್ರಿ ಮಳೆಗೆ ಸ್ವಲ್ಪ ಒದ್ದೆಯಾಗಿವೆ. ಬಾಲ್ಕನಿಯಲ್ಲಿ ಬಟ್ಟೆ ತಂತಿಯ ಕೆಳಗೆ ಹರಡಿದ್ದೇನೆ. ಒಣಗಲು ಇನ್ನೂ ಎರಡು ದಿನ ಬೇಕು.